ಲವ್‌ಜಾಯ್ ಕಣ್ಣು, ಸೂಡಿಯ ತಾಮ್ರಪಟ: ಅಸಲಿ-ನಕಲಿಯ ಎರಡು ಕಥೆಗಳು

ಬ್ರಿಟನ್ನಿನ ಕಿರುತೆರೆಯಲ್ಲಿ 1986ರಿಂದ 1994ರವರೆಗೆ, ನಡುವೆ ದೀರ್ಘ ಬಿಡುವಿನೊಂದಿಗೆ, ಪ್ರಸಾರವಾದ ‘ಲವ್‌ಜಾಯ್’ ಎಂಬ ಧಾರಾವಾಹಿಯ ನಾಯಕ ಪೊಲೀಸನಲ್ಲ, ಪತ್ತೇದಾರನೂ ಅಲ್ಲ. ಅವನು ಹಳೆಯ ವಸ್ತುಗಳ ವ್ಯಾಪಾರಿ. ಸದಾ ಸಾಲದಲ್ಲಿ ಮುಳುಗಿರುವ, ಮಾತಿನಲ್ಲಿ ಚತುರನಾದ, ಸಮಯ ಬಂದರೆ ಸುಳ್ಳನ್ನೂ ಹೇಳುವ ಈ ಮನುಷ್ಯನಿಗೆ ಒಂದೇ ಒಂದು ವರವಿದೆ. ಯಾವುದೇ ಹಳೆಯ ವಸ್ತುವಿನ ಎದುರು ನಿಂತರೆ ಅದು ಅಸಲಿಯೋ ನಕಲಿಯೋ ಎಂಬುದು ಅವನಿಗೆ ಒಳಗಿನಿಂದಲೇ ತಿಳಿದುಬಿಡುತ್ತದೆ.

ರೋಣ, ಗಜೇಂದ್ರಗಡಗಳಿಗೆ ಸಮೀಪದ ಸೂಡಿ ಗ್ರಾಮಕ್ಕೂ ಆ ಧಾರಾವಾಹಿಗೂ ನೇರ ಸಂಬಂಧವಿಲ್ಲ. ಆದರೆ ಅಸಲಿ ಯಾವುದು, ನಕಲಿ ಯಾವುದು ಎಂಬ ಪ್ರಶ್ನೆಯನ್ನು ಸೂಡಿ ಬಹಳ ಹಿಂದೆಯೇ ಎದುರಿಸಿದೆ. ಈ ಊರಿನ ಹೆಸರನ್ನು ಹೊತ್ತ ತಾಮ್ರಪಟವೊಂದು ನಕಲಿ ಎಂಬ ತೀರ್ಪು ಶಾಸನಶಾಸ್ತ್ರದ ಪುಟಗಳಲ್ಲಿ ಅಚ್ಚಾಗಿ ನೂರು ವರ್ಷಗಳಿಗೂ ಮಿಗಿಲಾಗಿದೆ. ಹಳೆಯ ವಸ್ತುಗಳ ಕಳ್ಳತನ ಮತ್ತು ಮೋಸವನ್ನು ನಗೆಯ ಲೇಪದೊಂದಿಗೆ ತೋರಿಸಿದ ಧಾರಾವಾಹಿ ಹೇಗೆ ಸಿದ್ಧವಾಯಿತು, ಅದರಲ್ಲಿ ನಾಯಕನ ಕಣ್ಣು ಮಾಡಿದ ಕೆಲಸವನ್ನು ನಿಜಜೀವನದಲ್ಲಿ ಯಾವುದು ಮಾಡುತ್ತದೆ, ಅದರಿಂದ ಸೂಡಿಯಂಥ ಊರು ತಿಳಿಯಬೇಕಾದುದೇನು ಎಂಬುದರ ವಿವರಣೆ ಇಲ್ಲಿದೆ.

ಯಾರು ಈ ಲವ್‌ಜಾಯ್?

ಲವ್‌ಜಾಯ್ ಮೊದಲು ಹುಟ್ಟಿದ್ದು ಕಾದಂಬರಿಯಲ್ಲಿ. ಜೊನಾಥನ್ ಗ್ಯಾಶ್ ಎಂಬುದು ಲೇಖಕನ ಕಾವ್ಯನಾಮ. ಅವರ ನಿಜವಾದ ಹೆಸರು ಜಾನ್ ಗ್ರಾಂಟ್, ವೃತ್ತಿಯಲ್ಲಿ ವೈದ್ಯರು. 1977ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿ ‘ದಿ ಜೂಡಾಸ್ ಪೇರ್’, ಹಳೆಯ ಕಾಲದ ಜೋಡಿ ಪಿಸ್ತೂಲುಗಳ ಸುತ್ತ ಹೆಣೆದ ಕೊಲೆಯ ಕಥೆ. ಬ್ರಿಟನ್ನಿನ ಅಪರಾಧ ಸಾಹಿತಿಗಳ ಸಂಘವು ಚೊಚ್ಚಲ ಕೃತಿಗೆ ನೀಡುವ ಜಾನ್ ಕ್ರೀಸಿ ಪ್ರಶಸ್ತಿ ಅದಕ್ಕೆ ದೊರೆಯಿತು. ಬಳಿಕ ಇದೇ ನಾಯಕನನ್ನು ಇಟ್ಟುಕೊಂಡು ಗ್ಯಾಶ್ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು.

ಲವ್‌ಜಾಯ್‌ಗೆ ಇರುವ ಶಕ್ತಿಯನ್ನು ಇಂಗ್ಲಿಷಿನಲ್ಲಿ ‘ಡಿವ್ವಿ’ ಎನ್ನುತ್ತಾರೆ. ಕಾಣದುದನ್ನು ಕಂಡು ಹೇಳುವವನು ಎಂಬರ್ಥದ ಪದದ ಮೊಟಕು ರೂಪವದು. ನಮ್ಮ ಭಾಗದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೋರ್‌ವೆಲ್ ಕೊರೆಯಿಸುವ ಮುನ್ನ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದ ತುಂಬ ನಡೆದು, ಕಾಯಿ ಎದ್ದು ನಿಂತಲ್ಲಿ ನೀರಿದೆ ಎಂದು ಹೇಳುವವರನ್ನು ಎಲ್ಲರೂ ನೋಡಿದ್ದಾರೆ. ಅವರು ನೀರಿಗೆ ಏನೋ, ಲವ್‌ಜಾಯ್ ಹಳೆಯ ವಸ್ತುವಿಗೆ ಅದೇ. ಆದರೆ ಈ ಶಕ್ತಿಯಿಂದ ಅವನು ಶ್ರೀಮಂತನಾಗುವುದಿಲ್ಲ. ಅಸಲಿ ಎಂದು ತಿಳಿದ ವಸ್ತುವನ್ನು ಕೊಳ್ಳಲು ಕೈಯಲ್ಲಿ ಹಣವಿರುವುದಿಲ್ಲ; ನಕಲಿ ಎಂದು ಗೊತ್ತಿದ್ದರೂ ಅದನ್ನು ಇತರರಿಗೆ ನಂಬಿಸಲು ಆಧಾರವಿರುವುದಿಲ್ಲ. ಕಥೆಯ ಎಳೆಯೆಲ್ಲ ಹುಟ್ಟುವುದು ಇಲ್ಲಿಂದಲೇ.

ಕಾದಂಬರಿಯಿಂದ ಕಿರುತೆರೆಗೆ

ಕಾದಂಬರಿಯ ಲವ್‌ಜಾಯ್ ಒರಟ. ಹಣಕ್ಕಾಗಿ, ವಸ್ತುವಿಗಾಗಿ ಏನನ್ನೂ ಮಾಡಬಲ್ಲವನು. ಹೆಣ್ಣುಮಕ್ಕಳೊಡನೆ ಅವನ ನಡವಳಿಕೆಯೂ ಮೆಚ್ಚುವಂಥದ್ದಲ್ಲ. ರವಿವಾರದ ಸಂಜೆ ಮನೆಮಂದಿಯೆಲ್ಲ ಕೂಡಿ ನೋಡುವ ಕಾರ್ಯಕ್ರಮಕ್ಕೆ ಇಂಥ ನಾಯಕ ಒಗ್ಗುವುದಿಲ್ಲ. ಅವನನ್ನು ತಿದ್ದಿ ಕಿರುತೆರೆಗೆ ತಂದವರು ಚಿತ್ರಕಥೆಗಾರ ಇಯಾನ್ ಲಾ ಫ್ರೆನೆ. ಡಿಕ್ ಕ್ಲೆಮೆಂಟ್ ಅವರೊಡನೆ ಸೇರಿ ‘ದಿ ಲೈಕ್ಲಿ ಲ್ಯಾಡ್ಸ್’, ಜೈಲಿನೊಳಗಿನ ಹಾಸ್ಯ ಸರಣಿ ‘ಪಾರಿಜ್’ ಮುಂತಾದವನ್ನು ಬರೆದು ಹೆಸರಾಗಿದ್ದ ಅವರಿಗೆ, ಕಾನೂನಿನ ಗೆರೆಯ ಆಚೀಚೆ ಬದುಕುವ ಸಾಮಾನ್ಯರ ಮಾತಿನ ವರಸೆ ಚೆನ್ನಾಗಿ ಗೊತ್ತಿತ್ತು. ನಾಯಕನ ಕಳ್ಳಬುದ್ಧಿಯನ್ನು ಅವರು ಪೂರ್ತಿ ತೆಗೆಯಲಿಲ್ಲ. ಕ್ರೌರ್ಯವನ್ನು ತೆಗೆದು ಆ ಜಾಗದಲ್ಲಿ ತುಂಟತನವನ್ನು ಇಟ್ಟರು.

ನಾಯಕನ ಪಾತ್ರಕ್ಕೆ ಆಯ್ಕೆಯಾದವರು ಇಯಾನ್ ಮೆಕ್‌ಶೇನ್. ಇಂದಿನ ಯುವ ಪ್ರೇಕ್ಷಕರು ಅವರನ್ನು ‘ಜಾನ್ ವಿಕ್’ ಚಲನಚಿತ್ರಗಳ ಹೋಟೆಲ್ ವ್ಯವಸ್ಥಾಪಕನ ಪಾತ್ರದಲ್ಲಿ ಕಂಡಿರಬಹುದು. ಆದರೆ ಬ್ರಿಟನ್ನಿನ ಒಂದು ತಲೆಮಾರಿಗೆ ಅವರು ಇಂದಿಗೂ ಲವ್‌ಜಾಯ್. ಅವನ ಸುತ್ತ ಮೂವರು ಸಹಚರರನ್ನು ಕಟ್ಟಲಾಯಿತು. ಹಳೆಯ ಸಾಮಾನುಗಳ ಸುದ್ದಿಯನ್ನು ಹೆಕ್ಕಿ ತರುವ ಕುಡುಕ ಮುದುಕ ಟಿಂಕರ್ ಡಿಲ್ ಆಗಿ ಡಡ್ಲಿ ಸಟನ್, ಕೆಲಸ ಕಲಿಯಲು ಬಂದ ಪೆದ್ದು ಹುಡುಗ ಎರಿಕ್ ಆಗಿ ಕ್ರಿಸ್ ಜ್ಯೂರಿ, ಸಮೀಪದ ಬಂಗಲೆಯ ಸಿರಿವಂತ ಮಹಿಳೆ ಲೇಡಿ ಜೇನ್ ಆಗಿ ಫಿಲಿಸ್ ಲೋಗನ್ ನಟಿಸಿದರು. ಎದುರಾಳಿಯಾಗಿ ಹಣವಂತ ವ್ಯಾಪಾರಿ ಚಾರ್ಲಿ ಗಿಂಬರ್ಟ್ ಇದ್ದ. ಕೆಲಸಗಾರ, ಶಿಷ್ಯ, ಸಿರಿವಂತೆ, ಶತ್ರು ಎಂಬ ಈ ನಾಲ್ಕು ಕಂಬಗಳ ಮೇಲೆ ಯಾವ ಕಥೆಯನ್ನು ಬೇಕಾದರೂ ಹೊದಿಸಬಹುದಿತ್ತು.

ಮೊದಲ ಸರಣಿಯ 10 ಕಂತುಗಳು 1986ರ ಜನವರಿಯಿಂದ ಬಿಬಿಸಿಯಲ್ಲಿ ಪ್ರಸಾರವಾದವು. ಅನಂತರ ಐದು ವರ್ಷಗಳ ಕಾಲ ಲವ್‌ಜಾಯ್ ಕಾಣಲೇ ಇಲ್ಲ. 1991ರ ಜನವರಿಯಲ್ಲಿ ಮರಳಿ ಬಂದ ಧಾರಾವಾಹಿ 1994ರ ಡಿಸೆಂಬರ್‌ವರೆಗೆ ನಡೆದು, ಒಟ್ಟು ಆರು ಸರಣಿಗಳಲ್ಲಿ 71 ಕಂತುಗಳನ್ನು ಪೂರೈಸಿತು. ನಿರ್ಮಾಣದ ಹೊಣೆಯನ್ನು ಹೊತ್ತಿದ್ದು ಲಾ ಫ್ರೆನೆ, ಕ್ಲೆಮೆಂಟ್ ಮತ್ತು ಅಲನ್ ಮೆಕ್‌ಕ್ಯೋನ್ ಕಟ್ಟಿದ್ದ ವಿಟ್ಜೆಂಡ್ ಸಂಸ್ಥೆ. ನಂತರದ ಸರಣಿಗಳಲ್ಲಿ ಮೆಕ್‌ಶೇನ್ ಅವರ ಸ್ವಂತ ಸಂಸ್ಥೆಯೂ ಕೈಜೋಡಿಸಿತು. ಕೆಲವು ಕಂತುಗಳನ್ನು ಅವರೇ ನಿರ್ದೇಶಿಸಿದರು. ಶೀರ್ಷಿಕೆ ಸಂಗೀತ ಡೆನಿಸ್ ಕಿಂಗ್ ಅವರದು.

ಊರೇ ಒಂದು ಪಾತ್ರ

ಧಾರಾವಾಹಿಯ ಬಹುಭಾಗ ಚಿತ್ರೀಕರಣಗೊಂಡದ್ದು ಇಂಗ್ಲೆಂಡಿನ ಪೂರ್ವಭಾಗದ ಸಫೊಕ್ ಮತ್ತು ಎಸೆಕ್ಸ್ ಜಿಲ್ಲೆಗಳ ಹಳ್ಳಿ ಪಟ್ಟಣಗಳಲ್ಲಿ. ಲಾಂಗ್ ಮೆಲ್‌ಫರ್ಡ್, ಲ್ಯಾವೆನಮ್ ಮುಂತಾದ ಈ ಊರುಗಳು ಮಧ್ಯಯುಗದಲ್ಲಿ ಉಣ್ಣೆ ಬಟ್ಟೆಯ ವ್ಯಾಪಾರದಿಂದ ಸಿರಿವಂತವಾಗಿದ್ದವು. ಆ ವ್ಯಾಪಾರ ಕುಸಿದ ಮೇಲೆ ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟಲು ಜನರಲ್ಲಿ ಹಣ ಉಳಿಯಲಿಲ್ಲ. ಬಡತನವೇ ಹಳೆಯದನ್ನು ಕಾಪಾಡಿತು. ಮರದ ಚೌಕಟ್ಟಿನ ಆ ಬಾಗಿದ ಮನೆಗಳೇ ಇಂದು ಪ್ರವಾಸಿಗರನ್ನು ಸೆಳೆಯುತ್ತವೆ. ಲೇಡಿ ಜೇನ್‌ಳ ಬಂಗಲೆಯಾಗಿ ತೆರೆಯ ಮೇಲೆ ಕಂಡದ್ದು ಎಸೆಕ್ಸ್‌ನ ಬೆಲ್‌ಚಾಂಪ್ ಹಾಲ್ ಎಂಬ ನಿಜವಾದ ಹಳೆಯ ಮನೆ.

ಸ್ಟುಡಿಯೋದಲ್ಲಿ ಹಲಗೆಯ ಗೋಡೆ ನಿಲ್ಲಿಸುವ ಬದಲು ಇಂಥ ಊರುಗಳಿಗೇ ಹೋದದ್ದರಿಂದ ಧಾರಾವಾಹಿಗೆ ಒಂದು ಲಾಭವಾಯಿತು. ಹರಾಜು ಕಟ್ಟೆ, ಚರ್ಚು, ತೋಟದ ಮನೆಯ ಅಟ್ಟ, ಹಳೆಯ ಕೊಟ್ಟಿಗೆ ಇವೆಲ್ಲ ಕಥೆಯ ಭಾಗವಾದವು. ಇಂಥ ಊರಿನಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಬೆಲೆಬಾಳುವ ವಸ್ತು ಇರಬಹುದು, ಮನೆಯವರಿಗೇ ಅದರ ಅರಿವು ಇಲ್ಲದಿರಬಹುದು ಎಂಬುದನ್ನು ಪ್ರೇಕ್ಷಕ ಸುಲಭವಾಗಿ ನಂಬಿದ.

ನಗೆಗೂ ಅಪರಾಧಕ್ಕೂ ನಂಟು ಹೇಗೆ?

ಕೊಲೆ, ಕಳವುಗಳ ಕಥೆಯಲ್ಲಿ ಹಾಸ್ಯವನ್ನು ಬೆರೆಸುವುದು ಸುಲಭದ ಕೆಲಸವಲ್ಲ. ನಗೆ ಹೆಚ್ಚಾದರೆ ಅಪರಾಧ ಹಗುರವಾಗುತ್ತದೆ. ಅಪರಾಧ ಹೆಚ್ಚಾದರೆ ನಗೆ ಸತ್ತುಹೋಗುತ್ತದೆ. ‘ಲವ್‌ಜಾಯ್’ ತಯಾರಕರು ಇದಕ್ಕೆ ಒಂದು ಉಪಾಯ ಹೂಡಿದರು. ಕಥೆಯ ನಡುವೆ ನಾಯಕ ಥಟ್ಟನೆ ಕ್ಯಾಮೆರಾ ಕಡೆಗೆ ತಿರುಗಿ, ನೋಡುವವರೊಡನೆ ನೇರವಾಗಿ ಮಾತನಾಡುತ್ತಾನೆ. ಎದುರಿಗಿರುವ ಕುರ್ಚಿ ಏಕೆ ನಕಲಿ, ಈ ವ್ಯಾಪಾರಿ ಏಕೆ ಬೆವರುತ್ತಿದ್ದಾನೆ ಎಂಬುದನ್ನು ಗುಟ್ಟಾಗಿ ಹೇಳಿ ಮತ್ತೆ ಕಥೆಗೆ ಮರಳುತ್ತಾನೆ. ನಮ್ಮ ಕಂಪನಿ ನಾಟಕಗಳಲ್ಲಿ ಹಾಸ್ಯ ಪಾತ್ರಧಾರಿ ಪ್ರೇಕ್ಷಕರತ್ತ ತಿರುಗಿ, ವೇದಿಕೆಯ ಮೇಲಿನ ಸಾಹುಕಾರನಿಗೆ ಕೇಳಿಸದಂತೆ ಅವನ ಬಂಡವಾಳ ಬಯಲು ಮಾಡುವ ವಿಧಾನವೂ ಇದೇ. ಇದರಿಂದ ನೋಡುವವನು ಮೋಸದ ಪಾಲುದಾರನಾಗದೆ, ಮೋಸವನ್ನು ಅರಿತವನಾಗುತ್ತಾನೆ.

ಈ ಜಾತಿಯ ಕಥನ ಭಾರತಕ್ಕೆ ಹೊಸದಲ್ಲ. ‘ಲವ್‌ಜಾಯ್’ಗಿಂತ ಒಂದು ವರ್ಷ ಮೊದಲು, 1985ರಲ್ಲಿ, ದೂರದರ್ಶನದಲ್ಲಿ ಬಂದ ‘ಕರಮ್‌ಚಂದ್’ ಹಿಂದಿ ಧಾರಾವಾಹಿಯಲ್ಲಿ ಪಂಕಜ್ ಕಪೂರ್ ಗಜ್ಜರಿ ಕಡಿಯುತ್ತ ಕೊಲೆಗಾರರನ್ನು ಹಿಡಿಯುತ್ತಿದ್ದುದು ಹಲವರ ನೆನಪಿನಲ್ಲಿದೆ. ಕನ್ನಡದಲ್ಲಿ 2019ರಲ್ಲಿ ಬಂದ, ಜಯತೀರ್ಥ ನಿರ್ದೇಶನದ ‘ಬೆಲ್ ಬಾಟಂ’ ಚಲನಚಿತ್ರವು ಪೊಲೀಸ್ ಠಾಣೆಗಳಲ್ಲೇ ನಡೆಯುವ ಕಳವನ್ನು ನಗಿಸುತ್ತ ಬಿಡಿಸಿತು. ಆದರೆ ಅವೆರಡರಲ್ಲಿಯೂ ನಾಯಕ ಹುಡುಕುವುದು ಅಪರಾಧಿಯನ್ನು. ‘ಲವ್‌ಜಾಯ್’ನಲ್ಲಿ ಹುಡುಕಾಟ ಮೊದಲು ವಸ್ತುವಿನದು, ವಸ್ತುವಿನ ಸತ್ಯ ತಿಳಿದರೆ ಅಪರಾಧಿ ತಾನಾಗಿಯೇ ಹೊರಬೀಳುತ್ತಾನೆ.

ಹಳೆಯ ವಸ್ತುಗಳ ವ್ಯಾಪಾರದ ಒಳಗುಟ್ಟುಗಳನ್ನೂ ಈ ಬಗೆಯ ಕಥೆಗಳು ಮನೆಮನೆಗೆ ಮುಟ್ಟಿಸಿದವು. ಅಲ್ಲಿನ ವ್ಯಾಪಾರಿಗಳ ಭಾಷೆಯಲ್ಲಿ ‘ಮದುವೆ’ ಎಂದರೆ ಒಂದು ಕಪಾಟಿನ ಮೇಲ್ಭಾಗಕ್ಕೆ ಮತ್ತೊಂದರ ಕೆಳಭಾಗವನ್ನು ಜೋಡಿಸಿ, ಎರಡೂ ಒಂದೇ ಎಂದು ಮಾರುವುದು. ‘ಉಂಗುರ’ ಎಂದರೆ ಹರಾಜಿನಲ್ಲಿ ಖರೀದಿದಾರರೆಲ್ಲ ಮೊದಲೇ ಮಾತಾಡಿಕೊಂಡು, ಒಬ್ಬರ ಮೇಲೊಬ್ಬರು ಬೆಲೆ ಏರಿಸದೆ ವಸ್ತುವನ್ನು ಅಗ್ಗಕ್ಕೆ ಪಡೆದು, ಬಳಿಕ ತಮ್ಮೊಳಗೇ ಮರುಹರಾಜು ಹಾಕಿಕೊಳ್ಳುವುದು. ಬ್ರಿಟನ್ 1927ರಲ್ಲಿಯೇ ಇದನ್ನು ಕಾನೂನಿನ ಮೂಲಕ ಅಪರಾಧವೆಂದು ಸಾರಿತು. ಬೆಳೆದ ಮಾಲನ್ನು ಮಾರುಕಟ್ಟೆಗೆ ಒಯ್ದು ಲಿಲಾವಿಗೆ ಹಚ್ಚುವ ನಮ್ಮ ರೈತನಿಗೆ ಈ ‘ಉಂಗುರ’ದ ನಷ್ಟ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೂಡಿಯ ತಾಮ್ರಪಟದ ಪ್ರಕರಣ

ಕಥೆಯಲ್ಲಿ ಅಸಲಿ ನಕಲಿಯನ್ನು ತೀರ್ಮಾನಿಸಲು ನಾಯಕನ ಒಂದು ನೋಟ ಸಾಕು. ನಿಜದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಸೂಡಿಯೇ ಉತ್ತಮ ಉದಾಹರಣೆ.

ಶಾಸನಗಳಲ್ಲಿ ‘ಸೂಂಡಿ’ ಎಂದು ಕಾಣಿಸಿಕೊಳ್ಳುವ ಈ ಊರು ಕಿಸುಕಾಡು-70 ಎಂಬ ಪ್ರಾಚೀನ ನಾಡಿಗೆ ಸೇರಿತ್ತು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದಕ್ಕೆ ವಿಶೇಷ ಮಹತ್ವವಿತ್ತು. ರಾಜಕುಟುಂಬದ ಅಕ್ಕಾದೇವಿ ಈ ನಾಡನ್ನು ಆಳಿದಳು. ಎರಡು ವಿಮಾನಗಳುಳ್ಳ ಜೋಡು ಕಳಸದ ಗುಡಿ, ಮಲ್ಲಿಕಾರ್ಜುನ ದೇವಾಲಯ, ಕೆತ್ತನೆಯಿಂದ ಕೂಡಿದ ನಾಗಕುಂಡ, ಬೃಹತ್ ಗಣಪತಿ ಇವೆಲ್ಲ ಇಲ್ಲಿಯ ಹಿರಿಮೆಯನ್ನು ಸಾರುತ್ತವೆ. ಲಕ್ಕುಂಡಿಯಂತೆ ಸೂಡಿಯಲ್ಲಿಯೂ ಟಂಕಸಾಲೆ ಇತ್ತು. ನಾಣ್ಯ ಅಚ್ಚು ಹಾಕುವ ಊರಿನಲ್ಲಿ ಚಿನ್ನದ ಅಸಲಿತನವನ್ನು ಒರೆಗಲ್ಲಿಗೆ ತಿಕ್ಕಿ ನೋಡುವುದು ಅಕ್ಕಸಾಲಿಗರ ದಿನನಿತ್ಯದ ಕೆಲಸವೇ ಆಗಿದ್ದಿರಬೇಕು.

ಇದೇ ಊರಿಗೆ ಸೇರಿದ ತಾಮ್ರಪಟವೊಂದನ್ನು ಜೆ.ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ ಮೂರನೆಯ ಸಂಪುಟದಲ್ಲಿ (1894-95) ಪ್ರಕಟಿಸಿದರು. ಮುಂಬೈ ಪ್ರಾಂತದ ಅಧಿಕಾರಿಯಾಗಿ ಕನ್ನಡ ಜಿಲ್ಲೆಗಳಲ್ಲಿ ದುಡಿದ ಫ್ಲೀಟ್, 1883ರಲ್ಲಿ ಭಾರತ ಸರ್ಕಾರದ ಮೊದಲ ಶಾಸನತಜ್ಞರಾಗಿ ನೇಮಕಗೊಂಡವರು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದಕ್ಕಾಗಿಯೂ ಈ ಭಾಗದವರು ಅವರನ್ನು ನೆನೆಯುತ್ತಾರೆ. ತಾಮ್ರಪಟದ ಒಕ್ಕಣೆಯ ಪ್ರಕಾರ, ಶಕ ವರ್ಷ 860ರಲ್ಲಿ, ಅಂದರೆ ಕ್ರಿ.ಶ. 938ರಲ್ಲಿ, ಗಂಗರ ಅರಸ ಬೂತುಗನು ತನ್ನ ರಾಣಿ ದೀವಳಾಂಬಿಕೆ ಸೂಂಡಿಯಲ್ಲಿ ಕಟ್ಟಿಸಿದ ಜೈನ ಬಸದಿಗೆ ಭೂಮಿಯನ್ನು ದಾನವಾಗಿ ಕೊಟ್ಟನು. ಈ ಲೇಖನಕ್ಕೆ ಫ್ಲೀಟ್ ಕೊಟ್ಟ ತಲೆಬರಹದಲ್ಲಿಯೇ ಇದು ಕೂಟಶಾಸನ, ಅಂದರೆ ಹುಸಿ ಶಾಸನ, ಎಂಬ ಮಾತಿತ್ತು.

ಕೂಟಶಾಸನ ಎಂಬುದು ಹೊಸ ಪದವೇನಲ್ಲ. ಅರಸನ ಆಜ್ಞೆಯನ್ನು ಹುಸಿಯಾಗಿ ಸೃಷ್ಟಿಸುವವರಿಗೆ ಮನುಸ್ಮೃತಿ ಮರಣದಂಡನೆಯನ್ನು ಹೇಳುತ್ತದೆ. ಏಳನೆಯ ಶತಮಾನದ ಹರ್ಷವರ್ಧನನ ಮಧುಬನ್ ತಾಮ್ರಪಟವು, ಒಬ್ಬಾತ ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದ ಗ್ರಾಮವನ್ನು ಮರಳಿ ಪಡೆದು ಬೇರೆಯವರಿಗೆ ಕೊಟ್ಟುದನ್ನು ದಾಖಲಿಸಿದೆ. ತಾಮ್ರಪಟವೆಂದರೆ ಅಂದಿನ ಹೊಲದ ಉತಾರ. ಭೂಮಿ ಇದ್ದಲ್ಲಿ ಉತಾರದ ಆಸೆಯೂ, ಉತಾರ ಇಲ್ಲದಲ್ಲಿ ಅದನ್ನು ಸೃಷ್ಟಿಸುವ ಬುದ್ಧಿಯೂ ಎಲ್ಲ ಕಾಲಕ್ಕೂ ಇದ್ದವು.

ಒರೆಗಲ್ಲು ಯಾವುದು?

ತಾಮ್ರಪಟ ಅಸಲಿಯೋ ನಕಲಿಯೋ ಎಂಬುದನ್ನು ಶಾಸನತಜ್ಞರು ಹಲವು ಕಡೆಯಿಂದ ಪರೀಕ್ಷಿಸುತ್ತಾರೆ. ಅಕ್ಷರಗಳ ರೂಪ ಆ ಶತಮಾನಕ್ಕೆ ಹೊಂದುತ್ತದೆಯೇ? ಹೇಳಿರುವ ತಿಥಿಯಂದು ಹೇಳಿರುವ ವಾರವೇ ಬಿದ್ದಿತ್ತೇ? ಗ್ರಹಣದ ಉಲ್ಲೇಖವಿದ್ದರೆ ಅಂದು ಗ್ರಹಣ ನಿಜಕ್ಕೂ ಸಂಭವಿಸಿತ್ತೇ? ವಂಶಾವಳಿಯಲ್ಲಿ ಬರುವ ಅರಸರ ಹೆಸರುಗಳು ಇತರ ನಂಬಲರ್ಹ ಶಾಸನಗಳೊಡನೆ ಕೂಡುತ್ತವೆಯೇ? ಭಾಷೆಯಲ್ಲಿ ನಂತರದ ಕಾಲದ ರೂಪಗಳು ನುಸುಳಿವೆಯೇ? ಒಂದು ಪರೀಕ್ಷೆಯಲ್ಲಿ ತಪ್ಪಿದರೆ ಅದು ಬರೆದವನ ಕೈತಪ್ಪು ಆಗಿರಬಹುದು. ಹಲವುಗಳಲ್ಲಿ ತಪ್ಪಿದರೆ ಅನುಮಾನ ಗಟ್ಟಿಯಾಗುತ್ತದೆ.

ಇಲ್ಲಿ ಒಂದು ಎಚ್ಚರವೂ ಅಗತ್ಯ. ನುರಿತ ಕಣ್ಣು ಕೂಡ ಅತಿಯಾಗಿ ಅನುಮಾನಿಸಬಹುದು. ಗಂಗರ ಆರಂಭಕಾಲದ ತಾಮ್ರಪಟಗಳನ್ನೆಲ್ಲ ಫ್ಲೀಟ್ ಬಹುಕಾಲ ಹುಸಿ ಎಂದೇ ಭಾವಿಸಿದ್ದರು. ಮೈಸೂರಿನ ಶಾಸನತಜ್ಞ ಬಿ.ಎಲ್. ರೈಸ್ ಅವರಿಗೂ ಫ್ಲೀಟ್ ಅವರಿಗೂ ಈ ಕುರಿತು ವರ್ಷಗಟ್ಟಲೆ ವಾದ ನಡೆಯಿತು. ಕೊನೆಗಾಲದಲ್ಲಿ ಪೆನುಕೊಂಡೆಯ ಗಂಗ ತಾಮ್ರಪಟವನ್ನು ಫ್ಲೀಟ್ ಅವರೇ ನೈಜವೆಂದು ಒಪ್ಪಿಕೊಂಡರು. ಹೊಸ ಪುರಾವೆ ಬಂದಾಗ ಹಳೆಯ ತೀರ್ಪನ್ನು ತಿದ್ದಿಕೊಳ್ಳುವುದೂ ಪರೀಕ್ಷೆಯ ಭಾಗವೇ.

ಸೂಡಿಯ ಮಟ್ಟಿಗೆ ಒಂದು ಸಂಗತಿ ಗಮನಾರ್ಹ. ಈ ತಾಮ್ರಪಟ ಹುಸಿಯಾದರೂ ಬೂತುಗ ಹುಸಿಯಲ್ಲ, ಅವನಿಗೂ ಈ ನಾಡಿಗೂ ಇದ್ದ ಸಂಬಂಧವೂ ಹುಸಿಯಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನವು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನು ಬನವಾಸಿ, ಬೆಳ್ವೊಲ, ಪುರಿಗೆರೆ, ಬಾಗೆನಾಡುಗಳ ಜೊತೆಗೆ ಕಿಸುಕಾಡು-70ನ್ನೂ ಕೊಟ್ಟನೆಂದು ಹೇಳುತ್ತದೆ. ಕಾಳಿ ಎಂಬ ಬೇಟೆನಾಯಿಯ ಸ್ಮಾರಕವೆಂದು ಪ್ರಸಿದ್ಧವಾದ ಕಲ್ಲು ಅದೇ. ಒಳ್ಳೆಯ ನಕಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿರುತ್ತದೆ. ಇಲ್ಲದಿದ್ದರೆ ಅದನ್ನು ಯಾರೂ ನಂಬುವುದಿಲ್ಲ. ಲವ್‌ಜಾಯ್‌ನ ಲೋಕದ ‘ಮದುವೆ’ ಕಪಾಟಿನಲ್ಲಿಯೂ ಎರಡೂ ಭಾಗಗಳು ಹಳೆಯವೇ, ಸುಳ್ಳಿರುವುದು ಜೋಡಣೆಯಲ್ಲಿ.

ಆದರೆ ಇಷ್ಟೆಲ್ಲ ಪರೀಕ್ಷೆ ಸಾಧ್ಯವಾದದ್ದು ಹೇಗೆ? ಫ್ಲೀಟ್ ತಾಮ್ರಪಟದ ಪಾಠವನ್ನು ಪ್ರಕಟಿಸಿದ್ದರಿಂದ. ಎಲ್.ಡಿ. ಬಾರ್ನೆಟ್ ಅದೇ ‘ಎಪಿಗ್ರಾಫಿಯಾ ಇಂಡಿಕಾ’ದ 15ನೆಯ ಸಂಪುಟದಲ್ಲಿ ಸೂಡಿಯ ಶಿಲಾಶಾಸನಗಳನ್ನು ಒಟ್ಟಾಗಿ ಅಚ್ಚು ಹಾಕಿಸಿದ್ದರಿಂದ. ಒಂದನ್ನು ಇನ್ನೊಂದರೊಡನೆ ಹೋಲಿಸಿ ನೋಡಲು ದಾಖಲೆಯಿತ್ತು. ಲವ್‌ಜಾಯ್‌ಗೆ ಕಣ್ಣು ಹೇಗೋ, ಲೋಕಕ್ಕೆ ದಾಖಲೆ ಹಾಗೆ.

ಲಂಡನ್ ನ್ಯಾಯಾಲಯಕ್ಕೆ ಹೋದ ನಟರಾಜ

‘ಲವ್‌ಜಾಯ್’ ಪ್ರಸಾರವಾಗುತ್ತಿದ್ದ ವರ್ಷಗಳಲ್ಲಿಯೇ ಲಂಡನ್ ನ್ಯಾಯಾಲಯದಲ್ಲಿ ನಿಜವಾದ ಪ್ರಕರಣವೊಂದು ನಡೆಯಿತು. ತಮಿಳುನಾಡಿನ ಪತ್ತೂರು ಗ್ರಾಮದಲ್ಲಿ 1976ರಲ್ಲಿ ನೆಲ ಅಗೆಯುವಾಗ ಕಂಚಿನ ವಿಗ್ರಹಗಳು ಸಿಕ್ಕವು. ಅವುಗಳಲ್ಲಿ ನಟರಾಜನ ಮೂರ್ತಿ ಕೈಯಿಂದ ಕೈಗೆ ಮಾರಾಟವಾಗಿ ಲಂಡನ್ ಸೇರಿತು. ಕೆನಡಾದ ಕಂಪನಿಯೊಂದು 1982ರಲ್ಲಿ ಅದನ್ನು ಕೊಂಡು, ಸಂರಕ್ಷಣೆಗಾಗಿ ಬ್ರಿಟಿಷ್ ಮ್ಯೂಸಿಯಂಗೆ ಕಳುಹಿಸಿದಾಗ ಲಂಡನ್ ಪೊಲೀಸರು ವಶಪಡಿಸಿಕೊಂಡರು.

ಪ್ರಶ್ನೆ ಎರಡು. ಲಂಡನ್ನಿನಲ್ಲಿರುವ ಮೂರ್ತಿ ಪತ್ತೂರಿನಲ್ಲಿ ಸಿಕ್ಕ ಮೂರ್ತಿಯೇ? ಹೌದಾದರೆ ಅದರ ಒಡೆತನ ಯಾರದು? ಅದೇ ಜಾಗದ ಉಳಿದ ವಿಗ್ರಹಗಳೊಡನೆ ಹೋಲಿಕೆ ನಡೆಯಿತು. ತಜ್ಞರ ಸಾಕ್ಷ್ಯ ನಡೆಯಿತು. 1988ರಲ್ಲಿ ನ್ಯಾಯಾಲಯವು ಭಾರತದ ಪರವಾಗಿ ತೀರ್ಪಿತ್ತಿತು. ಪಾಳುಬಿದ್ದಿದ್ದ 12ನೆಯ ಶತಮಾನದ ದೇವಾಲಯಕ್ಕೂ ತನ್ನ ಪ್ರತಿನಿಧಿಯ ಮೂಲಕ ದಾವೆ ಹೂಡುವ ಹಕ್ಕಿದೆ ಎಂಬುದನ್ನು ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ನಟರಾಜ ಭಾರತಕ್ಕೆ ಮರಳಿದ.

ಇನ್ನೊಂದು ಪ್ರಕರಣದಲ್ಲಿ ಛಾಯಾಚಿತ್ರವೇ ಸಾಕ್ಷಿಯಾಯಿತು. ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದಿಂದ ಕಳವಾದ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಶಾಲೆ 2008ರಲ್ಲಿ ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ ಅವರಿಂದ ಕೊಂಡಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯು ದಶಕಗಳಿಂದ ಹಳ್ಳಿ ಹಳ್ಳಿ ತಿರುಗಿ ತೆಗೆದಿಟ್ಟ ದೇವಾಲಯಗಳ ಛಾಯಾಚಿತ್ರಗಳು ಅದರ ಮೂಲವನ್ನು ತೋರಿಸಿಕೊಟ್ಟವು. 2014ರಲ್ಲಿ ಆಸ್ಟ್ರೇಲಿಯಾ ವಿಗ್ರಹವನ್ನು ಮರಳಿಸಿತು. ಕಪೂರ್ ಅವರಿಗೆ ಕುಂಭಕೋಣದ ನ್ಯಾಯಾಲಯ 2022ರಲ್ಲಿ ಶಿಕ್ಷೆ ವಿಧಿಸಿತು. ಚಿತ್ರ ತೆಗೆದವರು ಕಳ್ಳತನವನ್ನು ನಿರೀಕ್ಷಿಸಿ ತೆಗೆದಿರಲಿಲ್ಲ, ಅಧ್ಯಯನಕ್ಕೆಂದು ತೆಗೆದಿಟ್ಟಿದ್ದರು.

ಕಾನೂನು ಏನು ಹೇಳುತ್ತದೆ?

1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯು 1976ರಿಂದ ಜಾರಿಯಲ್ಲಿದೆ. ಅದರ ಪ್ರಕಾರ, ಕನಿಷ್ಠ 100 ವರ್ಷ ಹಳೆಯದಾದ ಶಿಲ್ಪ, ನಾಣ್ಯ, ಶಾಸನ ಮುಂತಾದವು ಪುರಾತನ ವಸ್ತುಗಳು. ಸಾಹಿತ್ಯ, ಇತಿಹಾಸಗಳ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಇವುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ವ್ಯಾಪಾರ ಮಾಡಲು ಪರವಾನಗಿ ಬೇಕು. ಕೆಲವು ಬಗೆಯ ವಸ್ತುಗಳನ್ನು ಮನೆಯಲ್ಲಿಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಕಾಯ್ದೆ ಉಲ್ಲಂಘಿಸಿ ರಫ್ತು ಮಾಡಿದವರಿಗೆ ಆರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯಿದೆ.

ನೆಲದಲ್ಲಿ ಸಿಗುವ ನಿಧಿಯ ಕುರಿತು 1878ರ ನಿಧಿ ಕಾಯ್ದೆ ಇದೆ. 10 ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ವಸ್ತು ನೆಲದಲ್ಲಿ ಹುದುಗಿರುವುದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಅದು ಹೇಳುತ್ತದೆ. ಆ 10 ರೂಪಾಯಿಯ ಬೆಲೆ ಇಂದು ಬದಲಾಗಿರಬಹುದು. ತಿಳಿಸುವ ಕರ್ತವ್ಯ ಬದಲಾಗಿಲ್ಲ.

ಊರವರು ಮಾಡಬಹುದಾದುದೇನು?

ದೊಡ್ಡ ದೇವಾಲಯಗಳಿಗೆ ಫಲಕವಿದೆ, ಪುಸ್ತಕಗಳಲ್ಲಿ ಉಲ್ಲೇಖವಿದೆ. ಅಪಾಯವಿರುವುದು ಚಿಕ್ಕವುಗಳಿಗೆ. ಹೊಲದ ಬದುವಿನ ವೀರಗಲ್ಲು, ಕೆರೆಯ ಏರಿಯ ಮೇಲೆ ಒರಗಿದ ನಾಗಶಿಲ್ಪ, ಮನೆಯ ಕಟ್ಟೆಗೆ ಸೇರಿಹೋದ ಶಾಸನದ ತುಂಡು, ಗುಡಿಯ ಹೊರಗೆ ಬಿದ್ದ ಭಗ್ನ ಮೂರ್ತಿ ಇಂಥವು ಕಾಣೆಯಾದರೆ ಕಾಣೆಯಾದುವೆಂದು ಹೇಳುವುದಕ್ಕೂ ಆಧಾರವಿರುವುದಿಲ್ಲ. ದೂರದ ನಗರದ ಅಂಗಡಿಯಲ್ಲಿ ಅದು ಪ್ರತ್ಯಕ್ಷವಾದರೂ ‘ಇದು ನಮ್ಮೂರಿನದು’ ಎಂದು ನ್ಯಾಯಾಲಯದಲ್ಲಿ ತೋರಿಸಲು ಏನೂ ಇರುವುದಿಲ್ಲ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಇಂದು ಮನೆಗೊಂದು ಮೊಬೈಲ್ ಇದೆ. ಶಾಲೆಯ ಶಿಕ್ಷಕರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಗಳು ಊರಿನ ಪ್ರತಿಯೊಂದು ಹಳೆಯ ಕಲ್ಲಿನ ಚಿತ್ರವನ್ನು ಮುಂದೆ, ಹಿಂದೆ, ಎರಡೂ ಬದಿಯಿಂದ ತೆಗೆಯಬಹುದು. ಅಳತೆ ತಿಳಿಯುವಂತೆ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಬೇಕು. ಮುರಿದ ಅಂಚು, ಗೀರು, ಕಲೆಗಳನ್ನು ಹತ್ತಿರದಿಂದ ತೆಗೆಯಬೇಕು. ಗುರುತು ಹಿಡಿಯಲು ನೆರವಾಗುವುದು ಮೂರ್ತಿಯ ಚೆಲುವಿಗಿಂತ ಅದರ ಗಾಯಗಳೇ. ದಿನಾಂಕ, ಸ್ಥಳ, ಸುತ್ತಲಿನ ಗುರುತುಗಳನ್ನು ಬರೆದು ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯಲ್ಲಿ, ಇನ್ನೊಂದನ್ನು ಶಾಲೆಯಲ್ಲಿ, ಮತ್ತೊಂದನ್ನು ಪುರಾತತ್ವ ಇಲಾಖೆಯಲ್ಲಿ ಇಡಬೇಕು. ಕಲ್ಲಿಗೆ ಎಣ್ಣೆ ಹಚ್ಚುವುದು, ಅಕ್ಷರ ಕಾಣಲೆಂದು ಸುಣ್ಣ ಬಳಿಯುವುದು, ಉಳಿಯಿಂದ ಕೆರೆಯುವುದು ಬೇಡ. ಹೊಸ ಕಟ್ಟಡಕ್ಕೆ ಪಾಯ ತೋಡುವಾಗ ಏನಾದರೂ ಸಿಕ್ಕರೆ ಅದನ್ನು ಇದ್ದಲ್ಲಿಯೇ ಬಿಟ್ಟು ಅಧಿಕಾರಿಗಳಿಗೆ ತಿಳಿಸುವುದು ಒಳಿತು. ನೆಲದಿಂದ ಎತ್ತಿದ ಮೇಲೆ ಅದರ ಅರ್ಧ ಚರಿತ್ರೆ ಹೋಗಿಬಿಡುತ್ತದೆ.

ಲವ್‌ಜಾಯ್ ಕಥೆಯಲ್ಲಿ ಕೊನೆಗೆ ವಸ್ತು ಸಲ್ಲಬೇಕಾದವರಿಗೆ ಸಲ್ಲುತ್ತದೆ, ನಾಯಕನ ಜೇಬು ಮಾತ್ರ ಎಂದಿನಂತೆ ಖಾಲಿ ಉಳಿಯುತ್ತದೆ, ನೋಡುವವರು ನಕ್ಕು ಏಳುತ್ತಾರೆ. ನಿಜಜೀವನದಲ್ಲಿ ಕದ್ದ ಮೂರ್ತಿ ಮರಳಲು ಪತ್ತೂರಿಗೆ 15 ವರ್ಷ ಬೇಕಾಯಿತು, ಅದೂ ಹೋಲಿಸಲು ಬೇರೆ ವಿಗ್ರಹಗಳು ಉಳಿದಿದ್ದರಿಂದ. ಸೂಡಿಯ ತಾಮ್ರಪಟ ಹುಸಿಯೆಂದು ತೀರ್ಪಾದರೂ ಅದರ ಪಾಠ ಅಚ್ಚಾಗಿದ್ದರಿಂದ ಇಂದಿಗೂ ಯಾರಾದರೂ ಅದನ್ನು ತೆರೆದು ಆ ತೀರ್ಪನ್ನು ಮರುಪರಿಶೀಲಿಸಬಹುದು. ನಮ್ಮ ಬದುವಿನ ಮೇಲಿನ ವೀರಗಲ್ಲಿಗೆ ಅಷ್ಟೂ ಭಾಗ್ಯವಿಲ್ಲ. ಈ ಮಳೆಗಾಲಕ್ಕೆ ಮುನ್ನ ಅದರ ಒಂದು ಚಿತ್ರವನ್ನಾದರೂ ತೆಗೆದಿಡುವುದು ಊರವರ ಕೈಯಲ್ಲಿಯೇ ಇದೆ.